ಬಾಗಿದ ಬೆನ್ನಿನ ಕೋಟು

ಹದಿನಾರು ವರ್ಷ ಅವಳು ಒಂದೇ ದರ್ಜಿ ಅಂಗಡಿಯಲ್ಲಿ ಕಾಜಾ ಹೊಲಿದಳು, ಗುಂಡಿ ಹಚ್ಚಿದಳು, ಅಂಚು ಮಡಿಸಿದಳು. ಕತ್ತರಿ ಮಾತ್ರ ಅವಳ ಕೈಗೆ ಬರಲಿಲ್ಲ. "ಕಟಿಂಗ್ ಗಂಡಸರ ಕೆಲಸ ಕಣಮ್ಮ, ನೀನು ಸೂಜಿ ಹಿಡ್ಕೊ" ಎನ್ನುತ್ತಿದ್ದ ಅಂಗಡಿಯ ಯಜಮಾನ. ಅವಳು ತಲೆಯಾಡಿಸುತ್ತಿದ್ದಳು. ಎದುರು ಮಾತಾಡಿ ಗೊತ್ತಿದ್ದವಳಲ್ಲ.

ಆದರೆ ಭಾನುವಾರ ಬಂತೆಂದರೆ ಮನೆಯ ನೆಲದ ಮೇಲೆ ಹಳೆಯ ಕೋಟೊಂದು ಹರಡಿಕೊಳ್ಳುತ್ತಿತ್ತು. ಒಂದೊಂದೇ ಹೊಲಿಗೆ ಬಿಚ್ಚಿ, ತುಂಡುಗಳನ್ನು ಹಳೆಯ ಪತ್ರಿಕೆಯ ಮೇಲಿಟ್ಟು ಗೆರೆ ಎಳೆದು, ತೋಳು ಎಲ್ಲಿ ತಿರುಗುತ್ತದೆ, ಕಾಲರ್ ಯಾಕೆ ಕೂರುತ್ತದೆ ಎಂದು ತಾನೇ ಕಲಿತಿದ್ದಳು. ಗಂಡ, ಇಬ್ಬರು ಮಕ್ಕಳು, ಪಕ್ಕದ ಮನೆಯ ಮಾಸ್ತರು, ಎಲ್ಲರ ಮೈಮೇಲೂ ಅವಳೇ ಕತ್ತರಿಸಿ ಹೊಲಿದ ಕೋಟುಗಳಿದ್ದವು.

ದೊಡ್ಡ ಊರಿನ ರಂಗಮಂದಿರದ ಉಡುಪು ವಿಭಾಗಕ್ಕೆ ಕಟಿಂಗ್ ಮಾಸ್ಟರ್ ಬೇಕೆಂಬ ಜಾಹೀರಾತನ್ನು ಅವಳು ಎರಡು ಸಲ ಓದಿ ಮಡಿಸಿಟ್ಟಳು. ಅತ್ತೆ ಅದನ್ನು ಬಿಚ್ಚಿ ಓದಿ, ಸೊಸೆಯ ಹೆಸರಿನಲ್ಲಿ ಅರ್ಜಿಯನ್ನೇ ಹಾಕಿಬಿಟ್ಟರು. ಪರೀಕ್ಷೆಗೆ ಬರಬೇಕೆಂದು ಪತ್ರ ಬಂದಾಗಲೇ ಅವಳಿಗೆ ವಿಷಯ ಗೊತ್ತಾಗಿದ್ದು.

"ನನ್ನಿಂದ ಆಗುತ್ತಾ ಅತ್ತೆ?"

"ಆಗುತ್ತೋ ಇಲ್ಲವೋ ಅವರು ಹೇಳ್ತಾರೆ. ಅದು ಅವರ ಕೆಲಸ. ನಿನ್ನ ಕೆಲಸ ಬಸ್ಸು ಹತ್ತೋದು."

ಗಂಡ ನೀರಿನ ಪಂಪು ರಿಪೇರಿಯವನು. "ಪಂಪು ಎಲ್ಲಾ ಊರಲ್ಲೂ ಕೆಡುತ್ತೆ. ನನ್ನ ಚಿಂತೆ ಬಿಡು, ಹೋಗಿ ಗೆದ್ದು ಬಾ" ಎಂದ.

ಹೀಗೆ ಅತ್ತೆ ಸೊಸೆ ಇಬ್ಬರೂ ಬೆಳಗಿನ ಬಸ್ಸು ಹತ್ತಿದರು. ಬಸ್ಸಿನಲ್ಲಿ ಖಾಲಿ ಇದ್ದದ್ದು ಎರಡೇ ಸೀಟು, ಒಂದು ಮುಂದೆ, ಒಂದು ತೀರಾ ಹಿಂದೆ. ಅವಳು ಸುಮ್ಮನೆ ಹಿಂದಕ್ಕೆ ಹೊರಟಳು. ಅತ್ತೆ ಮುಂದಿನ ಸೀಟಿನ ಬಳಿಯೇ ನಿಂತು, ಅದರ ಪಕ್ಕದಲ್ಲಿ ಪತ್ರಿಕೆ ಓದುತ್ತಿದ್ದ ಗೃಹಸ್ಥರೊಬ್ಬರನ್ನು ಕೇಳಿದರು. "ಸ್ವಲ್ಪ ಹಿಂದಿನ ಸೀಟಿಗೆ ಹೋಗ್ತೀರಾ? ನಾವಿಬ್ರೂ ಒಟ್ಟಿಗೆ ಬಂದವರು."

ಅವರು ನಗುತ್ತಲೇ ಎದ್ದು ಹೋದರು.

"ಪಾಪ, ಅವರಿಗೆ ತೊಂದರೆ ಕೊಟ್ವಿ" ಎಂದಳು ಸೊಸೆ, ಮುದುಡಿ ಕೂತು.

"ಕೇಳಿದ್ರೆ ಬಾಯಿ ಸವೆಯುತ್ತಾ? ಇಲ್ಲ ಅಂದ್ರೆ ಇಲ್ಲ. ಕೇಳದೇ ಇದ್ರೆ, ಅವರ ಪರವಾಗಿ ನಾವೇ ಇಲ್ಲ ಅಂದ್ಕೊಂಡ ಹಾಗೆ." ಹೀಗೆಂದ ಅತ್ತೆ ಮುಂದಿನ ಐದು ನಿಮಿಷದಲ್ಲಿ ಗೊರಕೆ ಹೊಡೆಯುತ್ತಿದ್ದರು.

ಎದುರಿನ ಸೀಟಿನಲ್ಲಿ ಗಂಡಹೆಂಡಿರ ಜಗಳ ನಡೆದಿತ್ತು. ಮನೆಗೆ ಬೀಗ ಹಾಕಿದ್ದು ಯಾರು ಎಂಬುದು ವಿಷಯ. ನೀನು, ನೀನು ಎನ್ನುತ್ತಾ ಒಂದು ಬೆಟ್ಟ ಹತ್ತಿ ಇಳಿದರು. ಆಮೇಲೆ ಅವನು ಅವಳ ಭುಜಕ್ಕೆ ಒರಗಿ ನಿದ್ದೆ ಹೋದ. ಹೆಂಡತಿ ಅವನ ತಲೆ ಜಾರದ ಹಾಗೆ ಕೈ ಅಡ್ಡ ಇಟ್ಟುಕೊಂಡಳು. ಬೀಗದ ಮಾತು ಅಲ್ಲಿಗೇ ಉಳಿಯಿತು.

ಅರ್ಧ ದಾರಿಯಲ್ಲಿ ಬಸ್ಸು ನಿಂತಿತು. ಮುಂದೆ ಒಂದು ತಗ್ಗು ಸೇತುವೆ. ಹಿಂದಿನ ದಿನದ ಮಳೆಗೆ ಅದರ ಮೇಲೆ ಮೊಣಕಾಲಿನಷ್ಟು ನೀರು ಹರಿಯುತ್ತಿತ್ತು. ಚಾಲಕ ದಪ್ಪ ಹೊಟ್ಟೆಯ, ನಿಧಾನ ಸ್ವಭಾವದ ಮನುಷ್ಯ. ಎಂಜಿನ್ ಆರಿಸಿ, ಶೂ ಬಿಚ್ಚಿ, ಪ್ಯಾಂಟು ಮೇಲೆ ಮಡಚಿ, ಒಂದು ಕೋಲು ಹಿಡಿದು ನೀರಿಗಿಳಿದ. ಒಂದೊಂದು ಹೆಜ್ಜೆಗೂ ಕೋಲು ಊರಿ ನೋಡುತ್ತಾ ಆಚೆ ದಡಕ್ಕೆ ನಡೆದ.

ಬಸ್ಸಿನಲ್ಲಿ ಗೊಣಗಾಟ ಶುರುವಾಯಿತು. "ದಿನಾ ಓಡಾಡೋ ದಾರಿ ಅಲ್ವೇನ್ರೀ ಇದು! ಮುಹೂರ್ತ ನೋಡ್ತಿದಾನಾ?" ಹಿಂದಿದ್ದ ಕಾರಿನವನು ಹಾರ್ನು ಹೊಡೆದು ಹೊಡೆದು ಸಾಕಾಗಿ, ಪಕ್ಕದಲ್ಲೇ ನುಗ್ಗಿದ. ಚಾಲಕ ಕೈ ಬೀಸಿ ಬೇಡ ಬೇಡ ಎಂದರೂ ಕೇಳಲಿಲ್ಲ. ನಡುನೀರಿನಲ್ಲಿ ಎಡಗಡೆಯ ಚಕ್ರ ಧಡಕ್ಕನೆ ಹೊಂಡಕ್ಕೆ ಇಳಿದು ಕಾರು ಸೊಟ್ಟಗೆ ನಿಂತಿತು.

ಹತ್ತು ಜನ ಇಳಿದು ಕಾರನ್ನು ಎತ್ತಿ ತಳ್ಳಿದ ಮೇಲೆ ಚಾಲಕ ಬಂದು ಕೂತು, ಬಟ್ಟೆ ತುಂಡಿನಿಂದ ಕಾಲು ಒರೆಸಿಕೊಳ್ಳುತ್ತಾ ಹೇಳಿದ. "ದಾರಿ ಹಳೇದು, ನೀರು ಹೊಸದು. ಇಳಿದು ನೋಡದೆ ಹೇಗೆ ಹೇಳೋದು?" ಬಲ ಅಂಚು ಹಿಡಿದು ಬಸ್ಸು ದಾಟಿತು. ಗೊಣಗಿದವರೆಲ್ಲ ಕಿಟಕಿಯ ಹೊರಗೆ ನೋಡತೊಡಗಿದರು. ಅವಳು ಮಾತ್ರ ಅವನ ಒದ್ದೆ ಪಾದಗಳನ್ನೇ ನೋಡಿದಳು. ಅಷ್ಟು ಜನ ಆಡಿಕೊಂಡರೂ ಆ ಮನುಷ್ಯನಿಗೆ ಒಂದಿಷ್ಟೂ ಮುಜುಗರವಾಗಿರಲಿಲ್ಲ.

ರಂಗಮಂದಿರ ಮುಟ್ಟಿದಾಗ ಪರೀಕ್ಷೆಗೆ ಐದೇ ನಿಮಿಷ ಇತ್ತು. ಕಾವಲಿನವನು ಅತ್ತೆಯನ್ನು ಪಕ್ಕದ ಕೋಣೆಯಲ್ಲಿ ಕೂರಿಸಿದ. ದೊಡ್ಡ ಕಿಟಕಿಗಳ ಕೆಲಸದ ಕೋಣೆಯಲ್ಲಿ ಆಗಲೇ ಮೂವರು ಗಂಡಸರು ತಮ್ಮ ತಮ್ಮ ಮೇಜಿನ ಮುಂದೆ ನಿಂತಿದ್ದರು. ಮೂವತ್ತು ವರ್ಷ ಅಲ್ಲಿ ಕತ್ತರಿ ಹಿಡಿದಿದ್ದ ಹಿರಿಯ ಮಾಸ್ಟರ್ ಕೈ ಈಗ ನಡುಗುತ್ತಿತ್ತು. ತಮ್ಮ ಜಾಗಕ್ಕೆ ಒಬ್ಬರನ್ನು ಅವರೇ ಆರಿಸಬೇಕಿತ್ತು. ಖಾಲಿ ಉಳಿದಿದ್ದ ತಮ್ಮ ಮೇಜನ್ನೇ ಅವರು ಅವಳಿಗೆ ತೋರಿಸಿದರು.

"ಇದು ನಮ್ಮಲ್ಲಿಗೆ ಹೊಸದಾಗಿ ಬಂದಿರೋ ವಾದ್ಯಗಾರರೊಬ್ಬರ ಅಳತೆ ಚೀಟಿ. ಮೂರು ಗಂಟೇಲಿ ಕಚ್ಚಾ ಹೊಲಿಗೆ ಹಾಕಿದ ಕೋಟು ಬೇಕು. ಏನು ಬೇಕಾದ್ರೂ ಕೇಳಿ" ಎಂದು ಅವರು ನಾಲ್ವರಿಗೂ ಒಂದೊಂದು ಪ್ರತಿ ಕೊಟ್ಟು ಕುರ್ಚಿಯಲ್ಲಿ ಕೂತರು.

ಅವಳು ಚೀಟಿ ನೋಡಿದಳು. ಬೆನ್ನಿನ ಉದ್ದ ಎದೆಯ ಕಡೆಯ ಉದ್ದಕ್ಕಿಂತ ಎರಡು ಇಂಚು ಹೆಚ್ಚು! ಸಾಮಾನ್ಯ ಮೈಗೆ ಹೀಗೆ ಬರುವುದಿಲ್ಲ. ಪಕ್ಕದ ಮೇಜಿನವನು, "ಯಾರೋ ಅದಲು ಬದಲು ಬರೆದಿದಾರೆ" ಎಂದು ಗೊಣಗಿ, ಅಂಕಿ ತಿದ್ದಿ ಗೆರೆ ಎಳೆದೇಬಿಟ್ಟ. ಮೂರು ಕತ್ತರಿಗಳ ಸದ್ದು ಶುರುವಾಯಿತು. ಅವಳೂ ಕತ್ತರಿ ತೆಗೆದಳು. ತಿದ್ದಬೇಕೋ, ಬರೆದಂತೆ ಹೋಗಬೇಕೋ? ಮಡಚಿದ ಪ್ಯಾಂಟಿನ ಆ ಚಾಲಕ ನೆನಪಾದ. ಕತ್ತರಿ ಕೆಳಗಿಟ್ಟಳು.

"ಸರ್, ಈ ಅಳತೆಯವರನ್ನ ನಾನು ಒಂದ್ಸಲ ನೋಡ್ಬೇಕು."

ಪಕ್ಕದವನು ನಕ್ಕ. "ಅಳತೆ ಕೊಟ್ಟ ಮೇಲೆ ಮನುಷ್ಯ ಯಾಕಮ್ಮ?"

"ಚೀಟಿ ಸರಿ ಇರ್ಬಹುದು, ತಪ್ಪೂ ಇರ್ಬಹುದು. ನೋಡಿದ್ರೆ ತಾನೆ ಗೊತ್ತಾಗೋದು" ಎಂದಳು. ತನ್ನ ದನಿ ತನಗೇ ಹೊಸದೆನಿಸಿತು.

ಹಿರಿಯ ಮಾಸ್ಟರ್ ಪಕ್ಕದ ಕೋಣೆಯ ಬಾಗಿಲು ತೋರಿಸಿದರು. ಒಳಗೆ ಬೆನ್ನು ಬಿಲ್ಲಿನಂತೆ ಬಾಗಿದ್ದ ಮುದುಕರೊಬ್ಬರು, ತೊಡೆಯ ಮೇಲೆ ಟ್ರಂಪೆಟ್ ಇಟ್ಟುಕೊಂಡು ಅತ್ತೆಯ ಜೊತೆ ಹರಟುತ್ತಿದ್ದರು.

"ಬಾರೇ, ಇವರು ಬೆಳಗ್ಗೆಯಿಂದ ಇಲ್ಲೇ ಕೂತಿದಾರಂತೆ! ಒಬ್ಬರಾದ್ರೂ ಕರೀಬಾರದಾ?" ಎಂದರು ಅತ್ತೆ.

ಚೀಟಿಯಲ್ಲಿ ತಪ್ಪಿರಲಿಲ್ಲ. ಆದರೆ ಚೀಟಿ ಹೇಳದ ಸಂಗತಿಗಳೂ ಇದ್ದವು. ಬಲ ಭುಜ ಇಳಿದಿತ್ತು. ಟ್ರಂಪೆಟ್ ಎತ್ತಿ ಹಿಡಿಯಲು ಹೇಳಿದಾಗ ಮೊಣಕೈಗಳು ಅಗಲಕ್ಕೆ ಹೋದವು. ಅವಳು ಟೇಪು ಹಿಡಿದು ಅವರ ಸುತ್ತ ಎರಡು ಸಲ ಸುತ್ತಿ, ಎಲ್ಲ ಬರೆದುಕೊಂಡಳು. ಅರ್ಧ ಗಂಟೆ ಅಲ್ಲೇ ಹೋಯಿತು. ಮೇಜಿಗೆ ಬಂದು ಕತ್ತರಿ ಹಿಡಿದವಳು ಮತ್ತೆ ತಲೆ ಎತ್ತಲಿಲ್ಲ. ಸಮಯ ಮುಗಿದಾಗ ಎಡ ತೋಳಿಗೆ ಹೊಲಿಗೆ ಬಿದ್ದಿರಲಿಲ್ಲ, ಪಿನ್ನು ಮಾತ್ರ ಚುಚ್ಚಿತ್ತು.

ಮುದುಕರು ಒಂದೊಂದೇ ಕೋಟು ತೊಟ್ಟರು. ಮೊದಲ ಮೂರರಲ್ಲೂ ಕಾಲರ್ ಕುತ್ತಿಗೆ ಬಿಟ್ಟು ಹಿಂದೆ ಬಾಯಿ ತೆರೆಯಿತು, ಹಿಂದಿನ ಅಂಚು ಮೇಲಕ್ಕೆ ಸರಿಯಿತು. ನಾಲ್ಕನೆಯದು ಅವಳದು. ಬೆನ್ನಿನ ಬಾಗಿನ ಮೇಲೆ ಬಟ್ಟೆ ಒಂದು ಸುಕ್ಕಿಲ್ಲದೆ ಇಳಿಯಿತು. ಕೆಳಗಿನ ಅಂಚು ಹಿಂದೆ ಮುಂದೆ ಒಂದೇ ಮಟ್ಟಕ್ಕೆ ನಿಂತಿತು. ಮುದುಕರು ಕನ್ನಡಿಗೆ ಪಕ್ಕವಾಗಿ ನಿಂತು ಕೈಯಿಂದ ಕುತ್ತಿಗೆಯ ಹಿಂದೆ ತಡವಿದರು.

"ನಲವತ್ತು ವರ್ಷದಿಂದ ಕುತ್ತಿಗೆಗೆ ಗಾಳಿ ಹೊಡೀತಿತ್ತು. ಇವತ್ತು ನಿಂತಿತು ನೋಡಿ!" ಎಂದವರೇ ಟ್ರಂಪೆಟ್ ಎತ್ತಿ ಊದಿದರು. ಕೋಣೆಯ ಗಾಜುಗಳು ಝಲ್ಲೆಂದವು. ಎಡ ತೋಳಿನ ಪಿನ್ನೊಂದು ಹಾರಿ ಬಿತ್ತು, ಕೋಟು ಮಾತ್ರ ಎಲ್ಲೂ ಹಿಡಿಯಲಿಲ್ಲ. ಮೇಲಿನ ಮಹಡಿಯಿಂದ ನಟರು, ಬಣ್ಣದವರು ಇಳಿದು ಬಂದು ಬಾಗಿಲಲ್ಲಿ ಗುಂಪು ಕಟ್ಟಿದರು. ಅತ್ತೆ ಎಲ್ಲರಿಗಿಂತ ಮುಂದೆ ನಿಂತು, "ನನ್ನ ಸೊಸೆ, ನನ್ನ ಸೊಸೆ" ಎಂದು ಕೇಳದವರಿಗೂ ಹೇಳಿದರು.

ನಕ್ಕಿದ್ದ ಪಕ್ಕದ ಮೇಜಿನವನು ಹತ್ತಿರ ಬಂದು, ಕೋಟಿನ ಬೆನ್ನ ಹೊಲಿಗೆಯನ್ನು ಬೆರಳಿನಿಂದ ಮುಟ್ಟಿ ನೋಡಿದ. "ಇದನ್ನ ಹೇಗೆ ತಿರುಗಿಸಿದ್ರಿ? ನನಗೂ ಹೇಳಿಕೊಡಿ" ಎಂದ. ಅವಳು ಸೀಮೆಸುಣ್ಣದಲ್ಲಿ ಗೆರೆ ಎಳೆದು ತೋರಿಸಿದಳು.

"ಯಾವತ್ತಿಂದ ಬರ್ತೀರಿ?" ಎಂದು ಕೇಳಿದರು ಹಿರಿಯ ಮಾಸ್ಟರ್.

"ಮುಂದಿನ ತಿಂಗಳು ಒಂದನೇ ತಾರೀಖಿನಿಂದ. ಆದ್ರೆ ಸರ್, ನಿಮ್ಮ ಮೇಜು ನನಗೆ ಎತ್ತರ. ಎರಡೂವರೆ ಗಂಟೆ ತುದಿಗಾಲಲ್ಲೇ ನಿಂತಿದ್ದೆ. ನಾಲ್ಕು ಇಂಚು ಇಳಿಸ್ಬೇಕು."

"ಮೂವತ್ತು ವರ್ಷದಿಂದ ಯಾರೂ ಹೇಳಿಲ್ವಲ್ಲ ಇದನ್ನ!"

"ಅದು ನಿಮ್ಮ ಅಳತೆಗೆ ಮಾಡಿದ ಮೇಜು ಸರ್."

ಹಿರಿಯ ಮಾಸ್ಟರ್ ಹೊಟ್ಟೆ ಹಿಡಿದು ನಕ್ಕರು, ಆಗಲೇ ರಂಗದ ಬಡಗಿಯನ್ನು ಕರೆಸಿದರು. ನಾಲ್ಕು ಜನ ಸೇರಿ ಆ ಭಾರದ ಮೇಜನ್ನು ಬೋರಲು ಹಾಕಿದರು. ಅವಳು ನಾಲ್ಕೂ ಕಾಲುಗಳನ್ನು ಅಳೆದು, ಒಂದೊಂದರ ಮೇಲೂ ನೇರವಾಗಿ ಬಿಳಿ ಗೆರೆ ಎಳೆದು ಪಕ್ಕಕ್ಕೆ ಸರಿದಳು. ಬಡಗಿ ಗರಗಸ ಹಚ್ಚಿದ.