ನಾಲ್ಕು ದಿನ ಒಣಗಬೇಕಾದ ಬಣ್ಣ

ಜನರನ್ನು ಒಯ್ಯುವ ಸರ್ವಿಸ್ ಮೋಟಾರು ಅಮೃತಪ್ಪನನ್ನು ಮಂದ್ರೂಪದ ಊರಬಾಗಿಲಾದ ಅಗಸಿಯ ಮುಂದೆ ಇಳಿಸಿ ವಿಜಾಪುರದ ಕಡೆ ಹೊರಟುಹೋಯಿತು. ಒಂದು ಕೈಯಲ್ಲಿ ಕುಂಚಗಳ ತಗಡಿನ ಪೆಟ್ಟಿಗೆ, ಇನ್ನೊಂದರಲ್ಲಿ ವಾರ್ನೀಸಿನ ಡಬ್ಬಿಗಳ ಚೀಲ ಹಿಡಿದು ಅವನು ಸ್ವಲ್ಪ ಹೊತ್ತು ಅಲ್ಲೇ ನಿಂತ. ಮೊಣಕಾಲು ಹಿಡಿದುಕೊಂಡಿದ್ದವು. ಐವತ್ತೆಂಟು ವರ್ಷದವನಿಗೆ ಸೊಲ್ಲಾಪುರದಿಂದ ಇಲ್ಲಿಯವರೆಗಿನ ಕುಲುಕಾಟ ಹೆಚ್ಚೇ ಆಗಿತ್ತು.

ನಿಜವಾಗಿ ಅವನು ಬರಬಾರದೆಂದೇ ಇದ್ದ. ಮೂರು ತಿಂಗಳ ಹಿಂದೆ, ದಸರೆಗೆ ಮುಂಚೆ, ಇದೇ ಊರಲ್ಲಿ ಹನ್ನೆರಡು ದಿನ ಕೂತು ಶಿವಶರಣಪ್ಪ ಪಾಟೀಲರ ಕರಿ ಮೋಟಾರಿಗೆ ಪೂರಾ ಹೊಸ ಬಣ್ಣ ಹಚ್ಚಿ ಹೋಗಿದ್ದ. ಈಗ ಅದನ್ನು ಯಾರೋ ಗೀರಿ ಕೆಡಿಸಿದ್ದಾರೆಂದು ಚೀಟಿ ಬಂದಿತ್ತು. ನಿಮ್ಮ ಕೈಯ ಬಣ್ಣಕ್ಕೆ ಬೇರೆಯವರ ಕೈ ಕೂಡುವುದಿಲ್ಲ, ನೀವೇ ಬರಬೇಕು ಎಂದು ಪಾಟೀಲರು ಬರೆಸಿದ್ದರು. ಆ ಮಾತಿಗೆ ಸೋತು ಬಂದಿದ್ದ.

ಅದು ೧೯೩೪ರ ಜನವರಿ. ಅಮೃತಪ್ಪ ಮೂಲತಃ ಅಕ್ಕಲಕೋಟದವನು. ಅಲ್ಲಿ ದೊಡ್ಡವರ ಕುದುರೆಗಾಡಿಗಳಿಗೆ ಬಣ್ಣ ಹಚ್ಚುತ್ತಲೇ ಕೈ ಪಳಗಿಸಿಕೊಂಡಿದ್ದ. ಕುದುರೆಗಾಡಿಗಳು ಮೂಲೆ ಸೇರತೊಡಗಿದ ಮೇಲೆ ಹೆಂಡತಿ ರತ್ನಾಬಾಯಿಯನ್ನು ಕರೆದುಕೊಂಡು ಸೊಲ್ಲಾಪುರಕ್ಕೆ ಬಂದು, ಮೊದಲು ಟಾಂಗಾಗಳಿಗೆ, ಆಮೇಲೆ ಮೋಟಾರುಗಳಿಗೆ ಕುಂಚ ಹಿಡಿದ. ಮುಂಬಯಿಯಲ್ಲಿ ಗಾಳಿಯ ಪಿಚಕಾರಿಯಿಂದ ಒಂದೇ ದಿನದಲ್ಲಿ ಇಡೀ ಮೋಟಾರಿಗೆ ಬಣ್ಣ ಹೊಡೆಯುತ್ತಾರಂತೆ ಎಂದು ಜನ ಹೇಳುವುದನ್ನು ಕೇಳಿದ್ದ. ಕೇಳಿದಾಗ ಹೊಟ್ಟೆಕಿಚ್ಚಾಗಲಿಲ್ಲ, ಇನ್ನು ತನಗೆ ಬಿಡುವು ಸಿಗಬಹುದು ಅನಿಸಿತ್ತು, ಅಷ್ಟೇ.

ಪಾಟೀಲರ ಮನೆಯ ಮಗ್ಗುಲಿನ ಛಪ್ಪರದಲ್ಲಿ ಮೋಟಾರು ನಿಂತಿತ್ತು. ಮುಂದಿನ ಗಾಲಿಯ ಮೇಲಿನ ತಗಡಿನಿಂದ ಹಿಂದಿನ ಅಂಚಿನವರೆಗೆ ಒಂದರ ಕೆಳಗೊಂದು ನಾಲ್ಕು ಗೀರು. ಬಾಗಿಲಿನ ಮೇಲಂತೂ ಸುತ್ತಿ ಸುತ್ತಿ ಕೆರೆದು ಕಬ್ಬಿಣ ಬೆಳ್ಳಗೆ ಕಾಣುತ್ತಿತ್ತು. ಆ ಕಡೆಯೂ ಹಾಗೇ. ಅಮೃತಪ್ಪ ಪೆಟ್ಟಿಗೆ ಕೆಳಗಿಟ್ಟು ಗೀರಿನ ಉದ್ದಕ್ಕೂ ಹೆಬ್ಬೆರಳು ಆಡಿಸಿದ. ಮೊದಲಲ್ಲಿ ಆಳವಾಗಿದ್ದ ಗೀರು ಹೋಗುತ್ತ ಹೋಗುತ್ತ ತೇಲಿತ್ತು. ಗೀರಿದವರ ಕೈಗೆ ಬಹಳ ಶಕ್ತಿ ಇರಲಿಲ್ಲ.

"ನೋಡ್ರಿ ಅಮೃತಪ್ಪ, ಹೆಂಗ ಮಾಡ್ಯಾರ," ಎಂದು ಪಾಟೀಲರು ಹಿಂದಿನಿಂದ ಬಂದರು. ನಲವತ್ತರ ಆಸುಪಾಸಿನ ಗಟ್ಟಿ ಆಳು. ಆದರೆ ಮೂರು ತಿಂಗಳಲ್ಲಿ ಮುಖ ಇಳಿದಿತ್ತು. "ಮಧ್ಯಾಹ್ನ ಉಂಡು ಅಡ್ಡಾಗಿದ್ದೆ. ಎದ್ದು ಬಂದ್ ನೋಡಿದ್ರ ಹಿಂಗ."

"ಯಾರಂತ ತಿಳೀತೇನ್ರಿ?"

"ಊರಾಗ ಯಾರೂ ಬಾಯಿ ಬಿಡವಲ್ರು. ಇರ್ಲಿ ಬಿಡ್ರಿ. ಎಷ್ಟ್ ದಿವಸ ಹಿಡೀತದ?"

"ಒಳಗಿನ ಕಬ್ಬಿಣ ಕಾಣಾಕತ್ತದ್ರಿ. ಮ್ಯಾಲ ಮ್ಯಾಲ ಹಚ್ಚಿದ್ರ ನಡೆಯಂಗಿಲ್ಲ. ಎರಡೂ ಬಾಜು ಕೆರದು ಮೊದಲಿಂದ ಮಾಡಬೇಕು. ಒಂಬತ್ತ್ ದಿವಸರೆ ಬೇಕು."

"ಮಾಡ್ರಿ," ಎಂದು ಪಾಟೀಲರು ಒಳಗೆ ಹೋದರು. ಮೋಟಾರಿನ ಕಡೆ ಅವರು ಒಂದು ಸಲವೂ ನೇರವಾಗಿ ನೋಡಲಿಲ್ಲ.

ಮೊದಲ ಎರಡು ದಿನ ಅಮೃತಪ್ಪ ಹಗುರ ತಿಕ್ಕುಗಲ್ಲನ್ನು ನೀರಲ್ಲಿ ಅದ್ದಿ ತಿಕ್ಕುವುದರಲ್ಲೇ ಕಳೆದ. ಮೂರು ತಿಂಗಳ ಹಿಂದೆ ಪದರದ ಮೇಲೆ ಪದರ ಕೂಡಿಸಿದ ತನ್ನದೇ ಕೆಲಸ ಕರಿ ನೀರಾಗಿ ನೆಲಕ್ಕೆ ಹರಿಯುತ್ತಿತ್ತು. ಆಮೇಲೆ ಸೀಮೆಸುಣ್ಣದ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ಕಲಸಿ ಗೀರುಗಳಿಗೆ ತುಂಬಿದ. ಅದು ಗಟ್ಟಿಯಾದ ಮೇಲೆ ಮತ್ತೆ ತಿಕ್ಕಿ ಸಮ ಮಾಡಿದ. ನಾಲ್ಕನೆಯ ದಿನ ಛಪ್ಪರದ ನೆಲಕ್ಕೆ ನೀರು ಚಿಮುಕಿಸಿ, ಗಾಳಿ ಬರುವ ಕಡೆ ಹಸಿ ಧೋತರ ಕಟ್ಟಿ, ಮೊದಲ ಕೈ ಕರಿ ಬಣ್ಣ ಹಚ್ಚಿದ. ಬೆನ್ನು ಮುರಿದಂತಾಗಿ ಗೋಡೆಗೆ ಒರಗಿ ಕೂತಿದ್ದಾಗ ಒಬ್ಬ ಮುದುಕಿ ಧೋತರ ಸರಿಸಿ ಒಳಗೆ ಬಂದಳು. ಹೆಗಲ ಮೇಲೆ ಕರಿ ಕಂಬಳಿ, ಕಾಲಲ್ಲಿ ಕುರಿಹಟ್ಟಿಯ ಮಣ್ಣು.

"ತಮ್ಮಾ, ಅದು ಹಸಿ ಅದ ಏನು?"

"ಹೌದವ್ವಾ. ಕೈ ಹಚ್ಚಬ್ಯಾಡ."

"ಎಷ್ಟ್ ದಿನಾ ಹಸಿ ಇರ್ತದ?"

"ಇದು ನಾಳಿಗಿ ಒಣಗ್ತದ. ಕಡೀ ವಾರ್ನೀಸ್ ಹಚ್ಚಿದ್ ಮ್ಯಾಲ ನಾಕ ದಿನ ಬೇಕು."

ಮುದುಕಿ ಅಲ್ಲೇ ಕುಕ್ಕರಗಾಲಲ್ಲಿ ಕೂತಳು. "ನಾಕ ದಿನ ಹೊರಗ ತಗೀಬಾರದು. ಆ ಮಾತು ಹೇಳಿದಾಂವ ನೀನ ಏನು?"

ಅಮೃತಪ್ಪನಿಗೆ ಅರ್ಥವಾಗಲಿಲ್ಲ. "ನಾನ ಹೇಳಿರಬೇಕು. ಎಲ್ಲಾರಿಗೂ ಹೇಳ್ತೀನಿ. ಯಾಕವ್ವಾ?"

ಅವಳು ಅಳಲಿಲ್ಲ, ದನಿ ಏರಿಸಲಿಲ್ಲ. ತುಳಜಾಬಾಯಿ ಎಂದು ತನ್ನ ಹೆಸರು ಹೇಳಿ, ಬೇರೆ ಯಾರದೋ ಮನೆಯ ಸುದ್ದಿ ಹೇಳುವಂತೆ ಹೇಳಿದಳು.

"ನೀ ಹಿಂದ ಬಂದಾಗ ನನ ಸೊಸಿ ಚಂದ್ರಭಾಗಾ ಚೊಚ್ಚಲ ಬಸರಿ ಇದ್ದಳು. ಎರಡ ದಿನ ಬ್ಯಾನಿ ತಿಂದಳು. ಕೂಸು ಅಡ್ಡಾಗಿತ್ತು. ಸೂಲಗಿತ್ತಿ ನನ ಕೈಲೆ ಆಗಂಗಿಲ್ಲ, ಸೊಲ್ಲಾಪುರದ ದವಾಖಾನಿಗಿ ಒಯ್ರಿ ಅಂದಳು. ನನ ಮಗ ಕಾಮಣ್ಣ ಓಡಿ ಬಂದು ಈ ಬಾಗಿಲದಾಗ ನಿಂತು ಮೋಟಾರ ಕೇಳಿದ. 'ಪೇಂಟರ ನಿನ್ನಿ ಸಂಜೀಗಿ ಬಣ್ಣಾ ಹಚ್ಚಿ ಹೋಗ್ಯಾನ, ನಾಕ ದಿನ ಹೊರಗ ತಗೀಬ್ಯಾಡ ಅಂತ ಹೇಳ್ಯಾನ, ಚಕ್ಕಡೀಲೆ ಒಯ್ಯಿ' ಅಂದ ಪಾಟೀಲ. ಎತ್ತು, ಚಕ್ಕಡಿ ತಾನ ಕೊಟ್ಟ, ಇಲ್ಲಂತ ಹೇಳಂಗಿಲ್ಲ. ಸೀನಾ ಹೊಳಿ ದಾಟೂದರಾಗ ಹೋದಳು. ಕೂಸೂ ಹೊಟ್ಯಾಗ ಹೋತು."

ಅಮೃತಪ್ಪ ಗೋಡೆ ಬಿಟ್ಟು ಅವಳ ಎದುರು ಸರಿದು ಕೂತ.

"ಗೀರಿದಾಕಿ ನಾನ," ಎಂದಳು ತುಳಜಾಬಾಯಿ. "ಕುರಿ ತಗೊಂಡು ಭೀಮಾ ದಂಡಿಗಿ ಹೋಗಿದ್ದಿವಿ. ತಿರುಗಿ ಬಂದ ದಿನ ಈ ದಾರೀಲೆ ಬರಾಕತ್ತಿದ್ದೆ. ಇದು ಹೊಳಿಯಾಕತ್ತಿತ್ತು. ಕನ್ನಡ್ಯಾಗ ಕಂಡಂಗ ಅದರಾಗ ನನ ಮಾರಿ ಕಂಡ್ತು. ಕುರಿ ಕತ್ತರಸೂ ಕತ್ತರಿ ಕೈಯಾಗ ಇತ್ತು. ಗೀರಿದೆ. ಗೀರಿದ್ರೂ ಏನೂ ಆಗ್ಲಿಲ್ಲ ತಮ್ಮಾ. ಕೈ ನೋಯ್ತು ಅಷ್ಟ."

"ಯವ್ವಾ, ಇದು ನನಗ ಗೊತ್ತಿರಲಿಲ್ಲ," ಎಂದ ಅಮೃತಪ್ಪ.

"ಪಾಟೀಲಗ ಹೇಳಬೇಕಂದ್ರ ಹೇಳು. ಅಂಜಿಕಿ ಇಲ್ಲ ನನಗ. ಸಾಕಾಗ್ಯಾದ." ಮೊಣಕಾಲ ಮೇಲೆ ಕೈಯೂರಿ ಎದ್ದು, ಹಸಿ ಬಣ್ಣಕ್ಕೆ ಕಂಬಳಿ ತಾಗದಂತೆ ಒತ್ತಟ್ಟಿಗೆ ಹಿಡಿದುಕೊಂಡು ಹೊರಗೆ ಹೋದಳು.

ಅವನಿಗೆ ಆ ಸಂಜೆ ನೆನಪಿತ್ತು. ಹನ್ನೆರಡು ದಿನದ ಕೆಲಸ ಕನ್ನಡಿಯಂತೆ ಬಂದಿತ್ತು. ಪೆಟ್ಟಿಗೆ ಕಟ್ಟುತ್ತ, ತುಸು ಜಂಬದಿಂದಲೇ, ನಾಕ ದಿನ ಇದನ್ನ ಅಲುಗಿಸಬ್ಯಾಡ್ರಿ ಎಂದಿದ್ದ. ಮೂವತ್ತು ವರ್ಷ ಎಲ್ಲರಿಗೂ ಹೇಳಿದ ಮಾತು. ಅಲುಗಿಸಿದರೆ ಏನಾಗುತ್ತದೆ ಎಂದು ಯಾರೂ ಕೇಳಿರಲಿಲ್ಲ, ಅವನೂ ಬಿಡಿಸಿ ಹೇಳಿರಲಿಲ್ಲ. ಧೂಳು ಕೂರುತ್ತದೆ. ಅದಕ್ಕಿಂತ ಹೆಚ್ಚಿನದೇನೂ ಇಲ್ಲ.

ಪಾಟೀಲರ ಹೆಂಡತಿ ಗುರಮ್ಮ ರೊಟ್ಟಿ, ಪುಂಡಿಪಲ್ಯ ತಂದಿಟ್ಟಾಗ ಅವನು ಮುಟ್ಟದೆ ಕೂತಿದ್ದ. ಅವಳೇ ಮಾತು ತೆಗೆದಳು. "ಆ ಮುದುಕಿ ಬಂದು ಹೋದದ್ದು ನಾ ನೋಡೀನ್ರಿ. ಗೀರಿದ್ದೂ ಅಟ್ಟದ ಕಿಡಕ್ಯಾಗಿಂದ ನೋಡೀನಿ. ಒದರಿ ತಡೀಲಿಲ್ಲ. ಪೊಲೀಸ್ ಫೌಜದಾರಗ ಹೇಳಬ್ಯಾಡ್ರಿ ಅಂತ ಇವರಿಗಿ ಕಾಲ್ ಬಿದ್ದೀನಿ." ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಉಣ್ರಿ. ದುಡಿಯೂ ಮನಷ್ಯಾ ನೀವು."

ಸಂಜೆ ಪಾಟೀಲರು ಛಪ್ಪರದ ಬಾಗಿಲಿಗೆ ಬಂದು ನಿಂತಾಗ ಅಮೃತಪ್ಪ ಎದ್ದು ನಿಂತ.

"ಪಾಟೀಲ್ರ, ಒಂದ್ ಮಾತು ಹೇಳಬೇಕಾಗ್ಯಾದ. ಬಣ್ಣ ಹಸಿ ಇದ್ರೂ ಗಾಡಿ ಓಡ್ತದ್ರಿ. ಧೂಳ ಹತ್ತತದ, ಅಷ್ಟ. ಅವತ್ತ ತಗದಿದ್ರ ನಾ ಬಂದು ಮತ್ತ ತಿಕ್ಕಿ ಹಚ್ಚತಿದ್ದೆ."

ಪಾಟೀಲರ ಮುಖ ಕೆಂಪಾಯಿತು. "ತಗೀಬ್ಯಾಡ ಅಂದಾವ್ರು ನೀವ ಅಲ್ಲೇನು?"

"ಹೌದ್ರಿ. ನಾನ."

ಜಗಳಕ್ಕೆ ಸಿದ್ಧವಾಗಿದ್ದ ಪಾಟೀಲರಿಗೆ ಎದುರಿನವನು ಒಪ್ಪಿಕೊಂಡುಬಿಟ್ಟದ್ದರಿಂದ ಮುಂದೆ ಹೋಗಲು ದಾರಿ ಉಳಿಯಲಿಲ್ಲ. ನೀರಿನ ಕೊಡದ ಪಕ್ಕದ ಕಟ್ಟೆಯ ಮೇಲೆ ಕೂತರು.

"ಹೆಣಮಕ್ಕಳು ಹಡಿಯೂದು ದಿನಾ ಇದ್ದದ್ದ ಅಂದಕೊಂಡೆ. ಚಕ್ಕಡೀಲೆ ಹೋಗಿ ಮುಟ್ತಾರ ಅಂದಕೊಂಡೆ. ದಸರಾಕ್ಕ ಮೈಂದರ್ಗಿಗಿ, ಬೀಗರ ಊರಿಗಿ, ಹೊಸಾ ಬಣ್ಣದ ಗಾಡೀಲೆ ಹೋಗಬೇಕಂತ ಮನಸಿತ್ತು. ಸುಳ್ಳ ಯಾಕ ಹೇಳ್ಲಿ." ಮತ್ತೆ ಅಂದರು: "ಗೀರಿದಾವ್ರು ಯಾರಂತ ನನಗ ಮೊದಲನೇ ದಿವಸನ ಗೊತ್ತಾಗಿತ್ತು. ಯಾವ ಬಾಯಿಲೆ ಹೆಸರ ತಗೀಲಿ?"

ಅಮೃತಪ್ಪ ಕೆಲಸ ಬಿಟ್ಟು ಹೋಗಬಹುದಿತ್ತು. ಅರ್ಧ ಬಣ್ಣದ ಮೋಟಾರು ಬಿಟ್ಟು ಹೋಗುವುದು ಅವನ ಕೈಗೆ ಗೊತ್ತಿರಲಿಲ್ಲ. ಉಳಿದ ದಿನ ಹಚ್ಚಿದ, ಒಣಗಿಸಿದ, ತಿಕ್ಕಿದ, ಮತ್ತೆ ಹಚ್ಚಿದ. ಬಣ್ಣ ಮೊದಲಿನಂತೆಯೇ ಬಂತು. ಅದನ್ನು ನೋಡಿ ಆಗಬೇಕಾದ ಸಂತೋಷ ಮಾತ್ರ ಆಗಲಿಲ್ಲ.

ಒಂಬತ್ತನೆಯ ದಿನ ಹೊತ್ತೇರುವ ಮೊದಲೇ ಕೊನೆಯ ವಾರ್ನೀಸು ಮುಗಿಯಿತು. ಪಾಟೀಲರು ಬಂದು ಎರಡೂ ಬದಿ ನೋಡಿದರು. ಅಮೃತಪ್ಪ ಕುಂಚ ತೊಳೆಯುತ್ತ ತಲೆ ಎತ್ತಲಿಲ್ಲ. ಎಷ್ಟು ದಿನ ಒಣಗಬೇಕು ಎಂದು ಅವರು ಕೇಳಲಿಲ್ಲ, ಇವನೂ ಹೇಳಲಿಲ್ಲ. ಪಾಟೀಲರು ಒಳಗೆ ಹೋಗಿ ರುಮಾಲು ಸುತ್ತಿಕೊಂಡು ಬಂದರು. ಕಟ್ಟಿದ್ದ ಧೋತರವನ್ನು ಬಿಚ್ಚಿ, ಮುಂದೆ ಹೋಗಿ ಹ್ಯಾಂಡಲ್ ತಿರುಗಿಸಿದರು. ಮೋಟಾರು ಗುಡುಗಿ ಎದ್ದಿತು. ಹಸಿ ವಾರ್ನೀಸಿನ ಮೋಟಾರು ಊರ ಹೊರಗಿನ ಕುರಿಹಟ್ಟಿಯ ದಾರಿ ಹಿಡಿದು, ಕರಿ ನೆಲದ ಧೂಳೆಬ್ಬಿಸುತ್ತ ಹೋಯಿತು. ಗುರಮ್ಮ ಬಾಗಿಲಿಗೆ ಬಂದು ನೋಡುತ್ತ ನಿಂತಳು.

ಒಂದು ತಾಸಿನಲ್ಲಿ ಅವರು ತಿರುಗಿ ಬಂದರು. ಮೋಟಾರಿನ ಎರಡೂ ಬದಿಗೆ ಧೂಳು, ಹೊಟ್ಟು, ಸಣ್ಣ ಸಣ್ಣ ಹುಳ ಅಂಟಿ ಮೈ ಒರಟಾಗಿತ್ತು.

"ಮುದುಕಿ ಗುಡಸಲದಿಂದ ಹೊರಗ ಬರಲಿಲ್ಲ," ಎಂದರು ಪಾಟೀಲರು ಇಳಿಯದೆಯೇ. "ಕಾಮಣ್ಣ ನಿಂತು ನೋಡಿದ. ಗಾಡಿ ನೋಡಿದ, ನನ್ನ ನೋಡಿದ. ತಪ್ಪಾತು ಅನ್ನಬೇಕಂತ ಹೋಗಿದ್ದೆ, ಅನ್ನಲಿಲ್ಲ. ತಿರುಗಿಸಿಕೊಂಡು ಬಂದೆ." ಆಮೇಲೆ ಬಾಗಿಲಿನ ಮೇಲೆ ಬೆರಳಿಟ್ಟು ನೋಡಿ ಕೇಳಿದರು: "ಮತ್ತ ತಿಕ್ಕಿ ಹಚ್ಚತೀರೇನು?"

"ನನ ಕೈಲೆ ಆಗಂಗಿಲ್ರಿ," ಎಂದ ಅಮೃತಪ್ಪ. ಅದರಲ್ಲಿ ಸಿಟ್ಟಿರಲಿಲ್ಲ.

"ಇರ್ಲಿ. ಹಿಂಗ ಇರ್ಲಿ ಅದು. ಕೂಡ್ರಿ, ಸೊಲ್ಲಾಪುರಕ್ಕ ಬಿಟ್ಟು ಬರ್ತೀನಿ."

"ಬ್ಯಾಡ್ರಿ. ನಡಕೋತ ಹೋಗ್ತೀನಿ. ದಾರ್ಯಾಗ ಯಾವುದರ ಚಕ್ಕಡಿ ಸಿಗ್ತದ."

ಸರ್ವಿಸ್ ಮೋಟಾರು ಬೆಳಿಗ್ಗೆಯೇ ಹೋಗಿತ್ತು. ಅವನು ಪೆಟ್ಟಿಗೆ, ಚೀಲ ಹಿಡಿದು ಸಡಕಿಗೆ ಬಿದ್ದ. ಎರಡೂ ಕಡೆ ತೆನೆ ಹೊತ್ತ ಬಿಳಿಜೋಳ. ಅರ್ಧ ಮೈಲು ನಡೆಯುವುದರಲ್ಲಿ ಉಸಿರು ಮೇಲಾಯಿತು. ಹಿಂದಿನಿಂದ ಕುರಿಗಳ ಸದ್ದು ಬಂತು. ಕುರಿಗಳ ನಡುವೆ ಬರುತ್ತಿದ್ದ ತರುಣ, ಕೇಳದೆಯೇ ಅವನ ಕೈಯಿಂದ ಚೀಲ ತೆಗೆದುಕೊಂಡು ತನ್ನ ಹೆಗಲಿಗೆ ಹಾಕಿಕೊಂಡ.

"ಪೇಂಟರ್ ಅಲ್ರಿ ನೀವು? ನಾ ಕಾಮಣ್ಣ."

ಅಮೃತಪ್ಪನ ಹೆಜ್ಜೆ ನಿಂತಿತು. "ನಾಕ ದಿನದ ಮಾತು ಹೇಳಿದಾಂವ ನಾನಪಾ," ಎಂದ.

"ಗೊತ್ತದ್ರಿ. ಅವ್ವ ಹೇಳ್ಯಾಳ. ನಡೀರಿ."

ಇಬ್ಬರೂ ಕುರಿಗಳ ಹಿಂದೆ ನಡೆದರು. ಜೋಳಕ್ಕೆ ಬಾಯಿ ಹಾಕಲು ಹೋದ ಒಂದು ಕುರಿಯನ್ನು ಕಾಮಣ್ಣ ಕೋಲಿನಿಂದ ಹೊರಳಿಸಿದ. ಆಮೇಲೆ ದಾರಿ ನೋಡುತ್ತಲೇ ಅಂದ:

"ಅವತ್ತ ನಾ ಇನ್ನೊಮ್ಮಿ ಕೇಳಲಿಲ್ರಿ. ಪಾಟೀಲ್ರು ಆಗಂಗಿಲ್ಲ ಅಂದ್ರು, ತಿರುಗಿ ಬಂದೆ. ಕಾಲ್ ಹಿಡಕೊಂಡು ಕೂತಿದ್ರ ತಗೀತಿದ್ರೋ ಏನೋ. ಅವ್ವಗ ಇದು ಹೇಳಿಲ್ಲ. ಅಕಿ ಗಾಡಿ ಮ್ಯಾಲ ಸಿಟ್ಟ ಹಾಕ್ಯಾಳ, ಹಾಕ್ಲಿ ಅಂತ ಸುಮ್ಮ ಅದೀನಿ."

ದಣಿದ ಅಮೃತಪ್ಪ ದಾರಿಯ ಮೈಲುಗಲ್ಲಿನ ಮೇಲೆ ಕೂತ. ಕಾಮಣ್ಣ ಮುಂದೆ ಹೋಗಲಿಲ್ಲ. ಕುರಿಗಳನ್ನು ಪಕ್ಕದ ಬೀಳು ಹೊಲಕ್ಕೆ ಬಿಟ್ಟು ಬಂದು, ಮಗ್ಗುಲಲ್ಲೇ ನೆಲದ ಮೇಲೆ ಕೂತು ತನ್ನ ಸೋರೆಬುರುಡೆಯ ನೀರು ಕೊಟ್ಟ. ಅಮೃತಪ್ಪ ಕುಡಿದ. ಬಿಸಿಲು ಏರುತ್ತಿತ್ತು. ಬಹಳ ಹೊತ್ತಿನ ಮೇಲೆ ಒಣ ಜೋಳದ ದಂಟಿನ ಕಣಿಕಿ ಹೇರಿದ ಚಕ್ಕಡಿಯೊಂದು ಸೊಲ್ಲಾಪುರದ ಕಡೆ ಹೊರಟು ಬಂತು. ಕಾಮಣ್ಣ ಎದ್ದು ಅದನ್ನು ನಿಲ್ಲಿಸಿ, ಪೆಟ್ಟಿಗೆ, ಚೀಲ ಮೇಲೇರಿಸಿ, ಮುದುಕನ ರಟ್ಟೆ ಹಿಡಿದು ಹತ್ತಿಸಿದ.

"ಹುಷಾರಾಗಿ ಹೋಗ್ರಿ," ಎಂದು ಕುರಿಗಳ ಕಡೆ ತಿರುಗಿದ. ಅಮೃತಪ್ಪ ಕಣಿಕಿಯ ಮೇಲೆ ಒರಗಿದ. ಸೀನಾ ಬರುವ ಮೊದಲೇ ಅವನಿಗೆ ನಿದ್ದೆ ಹತ್ತಿತು.