ಕಾಲು ಮಿಲಿಮೀಟರ್ ದೊಡ್ಡ ರಾಜ

ಎರಕದ ಕೆಲಸ ಗೊತ್ತಿಲ್ಲದವರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ತಲೆಬುಡ ಅರ್ಥವಾಗಲಿಲ್ಲ ಅಂತ ನನ್ನ ಮೇಲೆ ಹರಿಹಾಯಬೇಡಿ. ಕರಗಿದ ಲೋಹ ಆರಿದಾಗ ಕುಗ್ಗುತ್ತದೆ. ಹಾಗಾಗಿ ಎರಕದ ಮರಳಿನಲ್ಲಿ ಒತ್ತಿ ಅಚ್ಚು ತೆಗೆಯುವ ಮರದ ಮಾದರಿ ಮಾಡುವ ನನ್ನಂಥವರು ಅದನ್ನು ಬೇಕಾದ ಅಳತೆಗಿಂತ ಚೂರು ದೊಡ್ಡದಾಗಿಯೇ ಕೆತ್ತುತ್ತೇವೆ. ಅದಕ್ಕೆಂದೇ ನಮ್ಮ ಹತ್ತಿರ ಬೇರೆ ಅಳತೆಕೋಲುಗಳಿರುತ್ತವೆ. ಕಂಚಿಗೆ ಒಂದು, ಉಕ್ಕಿಗೆ ಒಂದು. ಮೂವತ್ತು ಸೆಂಟಿಮೀಟರ್ ಅಂತ ಬರೆದಿದ್ದರೂ ಅವು ಮೂವತ್ತಕ್ಕಿಂತ ಕೊಂಚ ಉದ್ದ. ಬೇಕೆಂದೇ ಸುಳ್ಳು ಹೇಳುವ ಕೋಲುಗಳು. ಮೂವತ್ತೆಂಟು ವರ್ಷ ಆ ಸುಳ್ಳನ್ನು ನಂಬಿಕೊಂಡೇ ಪಂಪು, ವಾಲ್ವುಗಳ ಮಾದರಿ ಕೆತ್ತಿದ್ದೇನೆ. ಒಂದು ದಿನವೂ ಕೈ ತಪ್ಪಿರಲಿಲ್ಲ.

ತಪ್ಪಿದ್ದು ಅಣ್ಣನ ಪದಕದಲ್ಲಿ.

ಅಣ್ಣ ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದವನು. ಊರಿನವರ ತಪ್ಪನ್ನೆಲ್ಲ ಕೆಂಪು ಶಾಯಿಯಲ್ಲಿ ಗುರುತು ಹಾಕಿ ಹಾಕಿ ನಿವೃತ್ತನಾದ. ಅವನಿಗಿದ್ದ ಒಂದೇ ಒಂದು ಹುಚ್ಚು ಪದಕಗಳದ್ದು. ಹಿಂದೆ ಒಬ್ಬ ರಾಜ ಹನ್ನೆರಡು ಯುದ್ಧ ಗೆದ್ದು, ಗೆದ್ದಾಗಲೆಲ್ಲ ಒಂದೊಂದು ಕಂಚಿನ ಪದಕ ಎರೆಸಿದನಂತೆ. ಒಂದು ಕಡೆ ಕುದುರೆ ಮೇಲೆ ತಾನು, ಇನ್ನೊಂದು ಕಡೆ ಸೋತವನ ಕೋಟೆಯೋ ಹೊಳೆಯೋ ಹಡಗೋ. ಸಿಕ್ಕಿದ ಎಲ್ಲದರಲ್ಲೂ ಕುದುರೆಯ ಹೊಟ್ಟೆ ಒಂದೇ ಸಮ ಉಬ್ಬಿರುವುದನ್ನು ನೋಡಿ ನಾನು ಅವನಿಗೆ ಕುದುರೆಹೊಟ್ಟೆ ರಾಜ ಅಂತ ಹೆಸರಿಟ್ಟಿದ್ದೆ. ಅಣ್ಣನಿಗೆ ಮೈ ಉರಿಯುತ್ತಿತ್ತು. ನಲವತ್ತು ವರ್ಷದಲ್ಲಿ ಅವನು ಹನ್ನೊಂದನ್ನು ಕೂಡಿಹಾಕಿದ. ಕೊನೆಯ ಗೆಲುವಿನ ಕೋಟೆ ಪದಕ ಮಾತ್ರ ಕೈಗೆ ಸಿಗಲಿಲ್ಲ. ಡಬ್ಬಿಯಲ್ಲಿ ಹನ್ನೆರಡನೆಯ ಗುಳಿ ಖಾಲಿ ಉಳಿಯಿತು.

ನಮಗೆ ತಿಳಿದ ಹಾಗೆ ಆ ಪದಕ ಇದ್ದದ್ದು ಒಬ್ಬರ ಬಳಿಯೇ. ಅಣ್ಣನ ಸಂಗ್ರಾಹಕರ ಕೂಟದ ಕಾರ್ಯದರ್ಶಿಯವರು. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದವರು, ಅಂಗಡಿಗಳಿಗೆ ನುಗ್ಗಿ ಸುಳ್ಳು ತಕ್ಕಡಿ ಹಿಡಿಯುತ್ತಿದ್ದವರು. ಈಗಲೂ ಜೇಬಿನಲ್ಲಿ ಅಗಲ ಅಳೆಯುವ ಕ್ಯಾಲಿಪರ್ ಇಲ್ಲದೆ ಮನೆಯಿಂದ ಹೊರಗೆ ಕಾಲಿಡುವುದಿಲ್ಲ. ಎಲ್ಲರೂ ಅವರನ್ನು ಕರೆಯುವುದೇ ಕ್ಯಾಲಿಪರ್ ಸಾಹೇಬರು ಅಂತ. ಅವರ ಅಜ್ಜನಿಂದ ತಾಯಿಗೆ, ತಾಯಿಯಿಂದ ಅವರಿಗೆ ಬಂದ ಪದಕ ಅದು. ಅಗಲ ಸರಿಯಾಗಿ ಐವತ್ತೆರಡು ಮಿಲಿಮೀಟರ್.

ಹೋದ ವರ್ಷ ಅಣ್ಣನ ಹೃದಯ ಕೈಕೊಟ್ಟಿತು. ಡಾಕ್ಟರು ನಮ್ಮನ್ನು ಪಕ್ಕಕ್ಕೆ ಕರೆದು, ಇನ್ನು ಹೆಚ್ಚೆಂದರೆ ಎರಡು ತಿಂಗಳು, ಮನೆಗೆ ಕರೆದುಕೊಂಡು ಹೋಗಿ ಸಂತೋಷವಾಗಿಟ್ಟುಕೊಳ್ಳಿ ಎಂದರು. ಸಾಹೇಬರು ನೋಡಲು ಬಂದವರು ತಮ್ಮ ಪದಕದ ಎರಡೂ ಮಗ್ಗುಲನ್ನು ಪ್ಲಾಸ್ಟರಿನಲ್ಲಿ ಅಚ್ಚು ತೆಗೆದು ತಂದುಕೊಟ್ಟರು. ಮಲಗಿದಲ್ಲೇ ನೋಡಿಕೊಂಡಿರಲಿ ಅಂತ. ಎಷ್ಟು ಒಳ್ಳೆಯ ಮನುಷ್ಯ ನೋಡಿ. ಅಣ್ಣ ಅದನ್ನು ಎದೆಯ ಮೇಲಿಟ್ಟುಕೊಂಡು ಸವರುತ್ತಿದ್ದ.

ಅಡುಗೆಮನೆಯಲ್ಲಿ ಅತ್ತಿಗೆ ನನ್ನ ತೋಳು ಹಿಡಿದುಕೊಂಡರು.

"ನಿನ್ ಕೈಯಲ್ಲಿ ಕೆಲಸ ಇದೆಯಲ್ಲಪ್ಪ. ಒಂದು ಮಾಡ್ಕೊಡೋಕಾಗಲ್ವಾ? ನೋಡ್ಕೊಂಡು ಹೋಗ್ಲಿ."

"ಅಣ್ಣಂಗೆ ಗೊತ್ತಾದ್ರೆ?"

"ಗೊತ್ತಾಗೋವಷ್ಟು ದಿನ ಎಲ್ಲಿದೆ ಅವರಿಗೆ?" ಎಂದು ಸೆರಗು ಬಾಯಿಗೆ ಒತ್ತಿಕೊಂಡರು.

ಅದಾದ ಮೇಲೆ ಇಲ್ಲ ಅನ್ನಲು ನಾನೇನು ಕಲ್ಲೇ? ನಮ್ಮ ಕಾರ್ಖಾನೆಯಲ್ಲಿ ಒಂದು ಹಳೆಯ ಯಂತ್ರವಿದೆ. ಅದರ ಒಂದು ಸೂಜಿ ಮೂಲದ ಮೇಲೆ ಓಡಾಡುತ್ತಿದ್ದರೆ ಇನ್ನೊಂದು ತುದಿಯ ಉಳಿ ಅದನ್ನೇ ಮರದಲ್ಲಿ ಕೊರೆಯುತ್ತದೆ, ನಾವು ಗೊತ್ತುಮಾಡಿದಷ್ಟು ದೊಡ್ಡದಾಗಿ. ಪ್ಲಾಸ್ಟರ್ ಅಚ್ಚನ್ನು ಅದಕ್ಕೆ ಕೊಟ್ಟೆ. ಹಿಂದಿನ ದಿನ ಉಕ್ಕಿನ ಗಾಲಿಯೊಂದರ ಮಾದರಿ ಮಾಡಿದ್ದೆ. ಮೇಜಿನ ಮೇಲಿದ್ದದ್ದು ಉಕ್ಕಿನ ಕೋಲು. ಕಣ್ಣಲ್ಲಿ ನೀರಿತ್ತೋ, ತಲೆಯೇ ಬೇರೆ ಕಡೆ ಇತ್ತೋ, ಅದನ್ನೇ ಎತ್ತಿಕೊಂಡು ಯಂತ್ರಕ್ಕೆ ಅಳತೆ ಕೂರಿಸಿಬಿಟ್ಟೆ. ಉಕ್ಕು ಕಂಚಿಗಿಂತ ಹೆಚ್ಚು ಕುಗ್ಗುತ್ತದೆ. ಎರಕವಾಗಿ, ಉಜ್ಜಿ, ಹಳೆಯ ಬಣ್ಣ ಬರಿಸಿ, ನಿಜವಾದ ಅಳತೆಪಟ್ಟಿ ಇಟ್ಟು ನೋಡಿದಾಗ ಪದಕ ಕಾಲು ಮಿಲಿಮೀಟರ್ ಹೆಚ್ಚಿತ್ತು. ಸಾಯುವವನಿಗೆ ಕಾಲು ಮಿಲಿಮೀಟರ್ ಯಾವ ಲೆಕ್ಕ ಅಂದುಕೊಂಡೆ. ಯಾರ ಕಣ್ಣಿಗೂ ಬೀಳದಿರಲಿ ಅಂತ ಮರದ ಮಾದರಿಯನ್ನು ಕುಲುಮೆಗೆ ಹಾಕಿದೆ.

ಗುಜರಿ ಕಂಚಿನ ರಾಶಿಯಲ್ಲಿ ಸಿಕ್ಕಿತು ಅಂತ ಹೇಳಿ ಅಣ್ಣನ ಅಂಗೈಯಲ್ಲಿಟ್ಟೆ. ಅವನು ಎರಡೂ ಮಗ್ಗುಲು ತಿರುಗಿಸಿ ತಿರುಗಿಸಿ ನೋಡಿದ. ಐದು ನಿಮಿಷ ಕಳೆದ ಮೇಲೆ ಗಂಜಿ ಕೇಳಿದ. ಎರಡು ವಾರಕ್ಕೆ ಎದ್ದು ಕೂತ. ತಿಂಗಳಿಗೆ ಬೀದಿಯ ಕೊನೆಯವರೆಗೆ ನಡೆದ. ಎರಡು ತಿಂಗಳಿಗೆ ಡಾಕ್ಟರು ತಮ್ಮ ಕಾಗದವನ್ನೇ ಮತ್ತೆ ಮತ್ತೆ ತಿರುವಿ ನೋಡಿ, ಒಮ್ಮೊಮ್ಮೆ ಹೀಗೂ ಆಗುತ್ತೆ, ಆದರೆ ದೊಡ್ಡ ಆಘಾತ ಯಾವುದೂ ಆಗದಂತೆ ನೋಡಿಕೊಳ್ಳಿ ಎಂದರು. ನನಗೆ ಕುಣಿದಾಡುವಷ್ಟು ಸಂತೋಷ. ಅದರ ಬೆನ್ನಿಗೇ ಹೆದರಿಕೆ ಶುರುವಾಯಿತು. ಯಾಕೆಂದರೆ ಅಣ್ಣ ಶರ್ಟಿಗೆ ಇಸ್ತ್ರಿ ಹಾಕಿಸಿಕೊಂಡು ಕೂಟಕ್ಕೆ ಹೊರಟಿದ್ದ.

ಕೂಟ ಸೇರುವುದು ತಿಂಗಳ ಮೊದಲ ಭಾನುವಾರ, ಗ್ರಂಥಾಲಯದ ಮಹಡಿಯ ಕೋಣೆಯಲ್ಲಿ. ಹದಿನಾಲ್ಕು ಕುರ್ಚಿ, ಒಂದು ಉದ್ದ ಮೇಜು, ಅದರ ಮೇಲೆ ಹಸಿರು ಬಟ್ಟೆ. ಅಣ್ಣನ ಕೈ ಹಿಡಿದು ಮೆಟ್ಟಿಲು ಹತ್ತಿಸಲು ಹೋದ ನಾನು ಹಿಂದಿನ ಸಾಲಿನಲ್ಲಿ ಕೂತೆ. ಸಾಹೇಬರು ಅಣ್ಣನನ್ನು ಅಪ್ಪಿಕೊಂಡು ಆಮೇಲೆ ಪದಕಕ್ಕೆ ಕ್ಯಾಲಿಪರ್ ಹಚ್ಚಿದರು. ಒಮ್ಮೆ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು. ಆಮೇಲೆ ತಮ್ಮದನ್ನು ತೆಗೆದು ಎರಡನ್ನೂ ಪಕ್ಕ ಪಕ್ಕ ಇಟ್ಟರು.

ಅಸಲಿ ಪದಕದಿಂದ ಅಚ್ಚು ತೆಗೆದು ಯಾರಾದರೂ ನಕಲು ಎರೆದರೆ ಅದು ಕುಗ್ಗುತ್ತದೆ, ನಕಲು ಯಾವತ್ತೂ ಅಸಲಿಗಿಂತ ಚಿಕ್ಕದೇ ಇರುತ್ತದೆ. ಕೂಟದವರಿಗೆ ಇದು ವೇದವಾಕ್ಯ. ಎಷ್ಟೋ ಜನರ ನಕಲುಗಳನ್ನು ಸಾಹೇಬರು ಹಿಡಿದದ್ದು ಇದರಿಂದಲೇ. ಈಗ ಒಂದೇ ಮುಖ, ಒಂದೇ ಕುದುರೆ, ಒಂದೇ ಬಿರುಕು ಇರುವ ಎರಡು ಪದಕಗಳು ಅವರ ಮುಂದಿದ್ದವು, ಅಂದರೆ ಒಂದು ಇನ್ನೊಂದರ ಅಚ್ಚು. ಅಣ್ಣನದು ದೊಡ್ಡದು.

"ಇವರದೇ ಮೂಲ," ಎಂದರು ಸಾಹೇಬರು. ದನಿ ನಡುಗಲಿಲ್ಲ. "ನಂದು ಇದರಿಂದ ತೆಗೆದ ನಕಲು. ಮೂರು ತಲೆಮಾರು ನಕಲು ಇಟ್ಕೊಂಡು ಪೂಜೆ ಮಾಡಿದ್ವಿ."

ಎಲ್ಲರೂ ಅಣ್ಣನ ಕೈ ಕುಲುಕಿದರು.  ಆದರೆ ಆ ಕೂಟಕ್ಕೊಂದು ನಿಯಮವಿದೆ. ಸದಸ್ಯರ ಯಾವುದೇ ಪದಕ ನಕಲು ಅಂತ ತೀರ್ಮಾನವಾದರೆ, ಅದು ಮುಂದೆ ಯಾರನ್ನೂ ಮೋಸಗೊಳಿಸದಂತೆ, ಮುಂದಿನ ಸಭೆಯಲ್ಲಿ ಅದರ ಒಡೆಯನೇ ಎಲ್ಲರೆದುರು ಅದರ ಮುಖದ ಮೇಲೆ ‘ನಕಲು’ ಅನ್ನುವ ಉಕ್ಕಿನ ಮೊಹರಿಟ್ಟು ಸುತ್ತಿಗೆಯಲ್ಲಿ ಹೊಡೆಯಬೇಕು. ನಿಯಮ ಬರೆದವರು ಸಾಹೇಬರೇ.

ನನಗೆ ಒಂದು ತಿಂಗಳಿತ್ತು. ಮೊದಲು ಅತ್ತಿಗೆಗೆ ಹೇಳಿದೆ.

"ನಿಮ್ಮಣ್ಣನ್ನ ಸಾಯಿಸ್ಬೇಕು ಅಂತಿದ್ರೆ ಹೇಳು," ಎಂದರು ಅವರು ಬಟ್ಟೆ ಮಡಿಸುತ್ತಾ. "ಡಾಕ್ಟರು ಏನಂದ್ರು ನೀನೇ ಕೇಳಿಸ್ಕೊಂಡಿದೀಯ. ಕಂಚಿನ ಬಿಲ್ಲೆ ಅದು. ಮನುಷ್ಯ ಹೆಚ್ಚೋ ಬಿಲ್ಲೆ ಹೆಚ್ಚೋ?"

"ಅವರೂ ಮನುಷ್ಯರೇ ಅಲ್ವಾ ಅತ್ತಿಗೆ?"

ಅತ್ತಿಗೆ ಮಡಿಸಿದ ಬಟ್ಟೆ ಎತ್ತಿಕೊಂಡು ಎದ್ದರು. ಒಳಗೆ ಅಣ್ಣ ಗೆಳೆಯರಿಗೆ ಫೋನು ಮಾಡಿ ಜೋರಾಗಿ ನಗುತ್ತಿದ್ದ.

ಅಣ್ಣನ ಕಿವಿಗೆ ಬೀಳದಂತೆ ಸಾಹೇಬರಿಗೊಬ್ಬರಿಗೇ ಹೇಳಿಬಿಟ್ಟರೆ? ಅವರು ನಿಯಮವನ್ನು ಹೇಗೋ ಮುಂದೂಡಿಯಾರು. ಹಾಗಂದುಕೊಂಡು ಎರಡೂ ಕೋಲುಗಳನ್ನು ಚೀಲಕ್ಕೆ ಹಾಕಿಕೊಂಡು ಅವರ ಮನೆಗೆ ಹೋದೆ. ಗೋಡೆಯ ಮೇಲೆ ತಾಯಿಯ ಫೋಟೋ, ಕೆಳಗೆ ಗಾಜಿನ ಪೆಟ್ಟಿಗೆ. ಪೆಟ್ಟಿಗೆ ಖಾಲಿ. ಪದಕವನ್ನು ಆಗಲೇ ಪೇಪರಿನಲ್ಲಿ ಸುತ್ತಿ ಡ್ರಾಯರಿಗೆ ಹಾಕಿದ್ದರು. ನಾನು ಒಂದೂ ಬಿಡದೆ ಹೇಳಿದೆ. ಪ್ಲಾಸ್ಟರ್, ಯಂತ್ರ, ಉಕ್ಕಿನ ಕೋಲು, ಎಲ್ಲ. ಅವರು ತಾಳ್ಮೆಯಿಂದ ಕೇಳಿಸಿಕೊಂಡು ಕೋಲನ್ನು ಕೈಗೆತ್ತಿಕೊಂಡು ತಮ್ಮ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದರು.

"ಇದು ಸುಳ್ಳು ಕೋಲು."

"ಹೌದು ಸಾಹೇಬ್ರೇ, ಅದನ್ನೇ ನಾನು..."

"ಸರ್ವೀಸಲ್ಲಿದ್ದಾಗ ಇಂಥವನ್ನ ಮೊಣಕಾಲಿಗಿಟ್ಟು ಮುರೀತಿದ್ದೆ. ಸುಳ್ಳು ಕೋಲು ತಂದು ಸಾಕ್ಷಿ ಅಂತೀರಲ್ಲ." ಅವರು ನಕ್ಕರು, ಸಿಟ್ಟಿನಿಂದಲ್ಲ. "ಮರದ ಮಾದರಿ ಎಲ್ಲಿ?"

"ಸುಟ್ಟುಹಾಕ್ದೆ."

"ನೋಡಿ. ನನ್ನ ಮುಖ ನೋಡಿ ನಿಮಗೆ ಕರುಳು ಚುರ್ ಅಂದಿದೆ. ನನ್ನನ್ನ ಉಳಿಸೋಕೆ ನಿಮ್ಮನ್ನ ನೀವೇ ಕಳ್ಳ ಮಾಡ್ಕೋತಿದೀರಿ. ಬೇಡ. ನಿಮ್ಮ ಋಣ ನನಗೆ ಬೇಡ."

"ಇನ್ನೊಂದು ಮಾಡಿ ತೋರಿಸ್ತೀನಿ. ಆ ಪ್ಲಾಸ್ಟರ್ ಅಚ್ಚು ಇದ್ರೆ ಸಾಕು, ಹತ್ತು ದಿನ ಕೊಡಿ."

"ಮಾಡಿ," ಎಂದರು. ಮಗುವನ್ನು ಸಮಾಧಾನ ಮಾಡುವ ದನಿ.

ಓಡಿಹೋಗಿ ಅತ್ತಿಗೆಯನ್ನು ಪ್ಲಾಸ್ಟರ್ ಅಚ್ಚು ಕೇಳಿದೆ. ಅವರು ನನ್ನ ಕಣ್ಣಲ್ಲಿ ಕಣ್ಣಿಟ್ಟು, ಮನೆ ಗುಡಿಸುವಾಗ ಬಿದ್ದು ಪುಡಿಯಾಯಿತು ಎಂದರು. ಸುಳ್ಳೆಂದು ನನಗೆ ಗೊತ್ತು, ನನಗೆ ಗೊತ್ತೆಂದು ಅವರಿಗೂ ಗೊತ್ತು. ನಾನೇನು ಮಾಡಲಿ ಹೇಳಿ? ಎದ್ದು ಓಡಾಡುತ್ತಿರುವ ಗಂಡನನ್ನು ಕಾಯುತ್ತಿರುವ ಹೆಂಗಸಿನ ಜೊತೆ ಹೇಗೆ ಜಗಳವಾಡಲಿ? ನಕಲು ಅಂತ ತಾವೇ ತೀರ್ಮಾನಿಸಿದ ಪದಕದಿಂದ ಇನ್ನೊಂದು ಅಚ್ಚು ತೆಗೆಯಲು ಸಾಹೇಬರು ಬಿಡುವವರಲ್ಲ. ಯಾವ ಕಡೆ ತಿರುಗಿದರೂ ನಾನೇ ಕಟ್ಟಿದ ಗೋಡೆ.

ಭಾನುವಾರ ಬಂತು. ಹಸಿರು ಬಟ್ಟೆ ತೆಗೆದು ಮೇಜಿನ ಮೇಲೆ ಕಬ್ಬಿಣದ ಚಪ್ಪಡಿ ಇಟ್ಟಿದ್ದರು. ಅಣ್ಣ ಮುಂದಿನ ಸಾಲಿನಲ್ಲಿ ಕೂತಿದ್ದ, ಪಕ್ಕದಲ್ಲಿ ಅತ್ತಿಗೆ. ಯಾವತ್ತೂ ಕೂಟಕ್ಕೆ ಬಾರದವರು ಅವತ್ತು ಬಂದಿದ್ದರು, ಯಾಕೆಂದು ಕೇಳಬೇಕೇ? ಸಾಹೇಬರು ಮೊಹರು ಹಿಡಿದುಕೊಂಡು ಸುತ್ತ ನೋಡಿದರು.

"ಕೈ ಸ್ವಲ್ಪ ನಡುಗುತ್ತೆ. ಲೋಹದ ಕೆಲಸ ಗೊತ್ತಿರೋರು ಪದಕ ಹಿಡ್ಕೊಂಡ್ರೆ ಚೆನ್ನಾಗಿತ್ತು," ಎಂದು ನನ್ನನ್ನೇ ಕರೆದರು.

ಎದ್ದು ಹೋದೆ.  ಇಕ್ಕಳದಲ್ಲಿ ಪದಕ ಹಿಡಿದೆ. ನಾನು ಕೊಟ್ಟ ಬಣ್ಣ ಎಷ್ಟೇ ಚೆನ್ನಾಗಿದ್ದರೂ ಅದು ಬಣ್ಣ. ಇದರ ಕಪ್ಪು ಕಂಚಿನೊಳಗಿಂದಲೇ ಬಂದಿತ್ತು. ಮೂವತ್ತೆಂಟು ವರ್ಷ ಲೋಹ ನೋಡಿದ ಕಣ್ಣಿಗೆ ಅದು ತಪ್ಪುತ್ತದೆಯೇ? ಬಾಯಿ ತೆರೆದೆ.

"ಇದು ನಕಲಲ್ಲ."

 ಅಣ್ಣ ಕುರ್ಚಿಯ ತೋಳು ಹಿಡಿದು ಮುಂದಕ್ಕೆ ಬಾಗಿದ.

"ಏನಂದ್ಯೋ?"

ಅವನ ಇನ್ನೊಂದು ಕೈ ಮೆಲ್ಲಗೆ ಎದೆಯ ಕಡೆಗೆ ಹೋಯಿತು. ಜೇಬಿನಲ್ಲಿದ್ದ ಪದಕ ಮುಟ್ಟಿಕೊಳ್ಳಲೋ, ನೋವಿಗೋ, ನನಗೆ ಇವತ್ತಿಗೂ ಗೊತ್ತಿಲ್ಲ. ಅತ್ತಿಗೆ ಅವನ ತೋಳು ಹಿಡಿದು ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಕೈ ಮುಗಿಯುವಂತಿತ್ತು.  ಮುಂದಿನ ಮಾತು ಎಷ್ಟು ಎಳೆದರೂ ಬರಲಿಲ್ಲ.

"ಒಳ್ಳೆ ಮನಸ್ಸು ಇವರದು," ಎಂದರು ಸಾಹೇಬರು ಸಭೆಗೆ. "ನನಗೋಸ್ಕರ ಹೇಳ್ತಿದಾರೆ. ಆದ್ರೆ ಅಳತೆ ಯಾರ ಮುಖಾನೂ ನೋಡಲ್ಲ." ಆಮೇಲೆ ನನಗೆ ಮಾತ್ರ ಕೇಳುವಂತೆ, "ಗಟ್ಟಿಯಾಗಿ ಹಿಡ್ಕೊಳ್ಳಿ," ಎಂದರು.

ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಒಂದೇ ಪೆಟ್ಟು.

ರಾಜನ ಮುಖ, ಕುದುರೆಯ ಕತ್ತು, ಎರಡೂ ಅಕ್ಷರದ ಕೆಳಗೆ ಸೇರಿಹೋದವು. ಮೊಹರು ಕಚ್ಚಿದ ಅಂಚಿನಲ್ಲಿ ಹಳೆಯ ಕಂಚು ಕೆಂಪಗೆ ಹೊಳೆಯಿತು. ಸಾಹೇಬರು ಸುತ್ತಿಗೆಯನ್ನು ನಿಧಾನವಾಗಿ ಕೆಳಗಿಟ್ಟು, ಕರವಸ್ತ್ರದಿಂದ ಮೊಹರು ಒರೆಸಿ, ಪದಕವನ್ನು ನನ್ನ ಅಂಗೈಗೆ ಹಾಕಿದರು.

"ನಿಮ್ಮ ಕುಲುಮೆಗೆ ಹಾಕ್ಬಿಡಿ. ಮನೆಗೆ ತಗೊಂಡು ಹೋದ್ರೆ ಅಮ್ಮನ ಫೋಟೋ ಮುಂದೆ ಇಡ್ಬೇಕಾಗುತ್ತೆ."

ಅಣ್ಣನೇ ಎದ್ದು ಬಂದು ಅವರ ಹೆಗಲ ಮೇಲೆ ಕೈ ಹಾಕಿದ. ಇಬ್ಬರೂ ಕಣ್ಣೊರೆಸಿಕೊಂಡರು. ದಾರಿಯುದ್ದಕ್ಕೂ ಅಣ್ಣ ಸಾಹೇಬರ ಗುಣಗಾನ ಮಾಡಿದ, ಅಂಥ ಪ್ರಾಮಾಣಿಕ ಮನುಷ್ಯ ಹುಡುಕಿದರೂ ಸಿಗಲ್ಲ ಕಣೋ ಅಂತ. ಹೌದು ಎಂದೆ. ಮನೆಯ ಮೆಟ್ಟಿಲು ಹತ್ತುವಾಗ ಅವನಿಗೆ ನನ್ನ ಕೈಯೂ ಬೇಕಾಗಲಿಲ್ಲ.

ಪದಕ ಈಗ ನನ್ನ ಉಪಕರಣದ ಪೆಟ್ಟಿಗೆಯಲ್ಲಿದೆ, ಉಕ್ಕಿನ ಕೋಲಿನ ಪಕ್ಕದಲ್ಲಿ. ಕುಲುಮೆಯ ಬಾಯಿಯವರೆಗೆ ಮೂರು ಸಲ ತೆಗೆದುಕೊಂಡು ಹೋಗಿ ವಾಪಸು ತಂದಿದ್ದೇನೆ. ಮರಳಿ ಕೊಟ್ಟರೆ ಅವರು ತೆಗೆದುಕೊಳ್ಳುವುದಿಲ್ಲ. ಇಟ್ಟುಕೊಳ್ಳಲು ಅದು ನನ್ನದಲ್ಲ.

ಮೊನ್ನೆ ಅಣ್ಣ ಫೋನು ಮಾಡಿದ್ದ. ಹಿಂದಿನಿಂದ ಅತ್ತಿಗೆ ಊಟಕ್ಕೆ ಕರೆಯುತ್ತಿದ್ದದ್ದು ಕೇಳಿಸುತ್ತಿತ್ತು.

"ಲೋ, ಆ ನಕಲನ್ನ ಕರಗಿಸಿದ್ಯಾ? ಪಾಪ, ಸಾಹೇಬ್ರು ಕೇಳ್ತಿದ್ರು."

"ಕರಗಿಸ್ದೆ ಅಣ್ಣ," ಎಂದೆ.