ಮೂರು ಪುಟದ ಜಪಾನು

ಟ್ಯೂಬ್‌ಲೈಟು ಮತ್ತೆ ಮಿಣುಕುತ್ತಿದೆ, ಪ್ರೂಫಿನಲ್ಲಿ ಮೂರೋ ಎಂಟೋ ಕಾಣುವುದಿಲ್ಲ, ಸಾವಿರದ ಒಂಬೈನೂರ ಇಪ್ಪತ್ತಮೂರು, ಹೌದು, ನನ್ನ ಲೇಖನದ ಆ ಜಪಾನಿನ ಮಾಸಪತ್ರಿಕೆ ಶುರುವಾದದ್ದು ಇಪ್ಪತ್ತಮೂರರಲ್ಲೇ, ನಾಲ್ಕು ಸಲ ನೋಡಿದ್ದೇನೆ, ಐದನೇ ಸಲವೂ ನೋಡಬೇಕು — ಸಂಜೆ ಕಾಲೇಜಿನಲ್ಲಿ ಬಿ.ಎ. ಮಾಡಿದವಳು ಜಪಾನಿನ ಬಗ್ಗೆ ಬರೆದರೆ ತಪ್ಪು ಹುಡುಕುವವರೇ ಹೆಚ್ಚು. ಒಬ್ಬ ಸಾಹಿತಿ ಸಣ್ಣದಾಗಿ ಶುರುಮಾಡಿದ್ದು, ಕಥೆಯ ಪಕ್ಕದಲ್ಲೇ ರಾಜಕೀಯ, ಹೊಸಬರಿಗೆ ಬಹುಮಾನ, ಯುದ್ಧ ಬಂದಾಗ ಸರ್ಕಾರದ ತಾಳಕ್ಕೆ ಕುಣಿದದ್ದು, ಆಮೇಲೆ ಎಪ್ಪತ್ನಾಲ್ಕರಲ್ಲಿ ಅಲ್ಲಿನ ಪ್ರಧಾನಿಯ ಹಣದ ಮೂಲ ಕೆದಕಿದ ಒಂದು ಲೇಖನ, ಎರಡು ತಿಂಗಳೊಳಗೆ ಆತ ರಾಜೀನಾಮೆ ಕೊಟ್ಟ. ಬರಿ ಕಣಮ್ಮ ಅತೀಯಾ, ನಮ್ಮ ಕಡೂರಿನ ಪತ್ರಿಕೇಲೂ ಜಪಾನ್ ಬರ್ಲಿ, ಪ್ರೂಫ್ ತಿದ್ಕೊಂಡು ಎಷ್ಟು ದಿನ ಕೂತಿರ್ತೀಯ ಅಂದವರು ಸಂಪಾದಕ ರುದ್ರಮೂರ್ತಿ ಮೇಷ್ಟ್ರು, ಮೂರು ಪುಟ ಕೊಟ್ಟರು. ಪತ್ರಿಕೆಗೆ ಮೂವತ್ತೆರಡೇ ಪುಟ, ಹಾಳೆ ಮಡಚುವ ಲೆಕ್ಕ ಅದು, ಮೂರು ಒಳಗೆ ಬಂದರೆ ಮೂರು ಹೊರಗೆ, ಹೊರಗೆ ಹೋದದ್ದು ಯಗಟಿಯ ಕೆಂಚಪ್ಪನವರ ಕಾಗದ. ಊರ ಕುರಿ ಮೇಯುವ ಗೋಮಾಳವನ್ನು ಯಾರೋ ತಮ್ಮ ಖಾತೆಗೆ ಮಾಡಿಸಿಕೊಳ್ಳುತ್ತಿದ್ದಾರೆ, ಬೇಲಿ ಬೀಳೋಕ್ ಮುಂಚೆ ಹಾಕ್ರವ್ವ, ನಾಕು ಜನ ಓದುದ್ರೆ ಹೆದರ್ತಾರೆ ಅಂತ ಬಸ್ಸಿಳಿದು ಬಂದು ನನ್ನ ಕೈಗೇ ಕೊಟ್ಟದ್ದು.

ಹೋದ ತಿಂಗಳು ತಡಮಾಡಿದವಳು ನಾನೇ — ಅವರು ಮಾತಾಡುವ ಹಾಗೇ ಬರೆದಿದ್ದರು, ಹಾಗೇ ಬಿಟ್ಟರೆ ಈ ಸಾಬರ ಹುಡುಗಿಗೆ ಕನ್ನಡ ಬರಲ್ಲ ಅಂದಾರು ಎಂದು ತಿದ್ದಿದೆ, ಮೂರು ಸಲ ತಿದ್ದಿದೆ, ಅಚ್ಚುಕಟ್ಟಾಗುವಷ್ಟರಲ್ಲಿ ಸಂಚಿಕೆ ಹೊರಟುಹೋಗಿತ್ತು. ಈ ತಿಂಗಳು ಜಪಾನು. ಕುರಿ ಎಲ್ಲೂ ಓಡೋಗಲ್ಲ ಬಿಡಮ್ಮ, ಮುಂದಿನ ತಿಂಗ್ಳು ಹಾಕಾಣ ಅಂದರು ಮೇಷ್ಟ್ರು, ನಾನು ಹೂಂ ಅಂದೆ, ಎಷ್ಟು ಬೇಗ ಅಂದೆ. ಮನೆಯಲ್ಲಿ ಅಮ್ಮಿ ಕಾಯುತ್ತಿದ್ದಾಳೆ, ಅವಳಿಗೆ ಕನ್ನಡ ಓದಲು ಬಾರದು, ನಿನ್ನ ಹೆಸರು ಎಲ್ಲಿದೆ ಬೆರಳಿಟ್ಟು ತೋರಿಸು ಎಂದಿದ್ದಾಳೆ. ಬೆನ್ನು ನೋಯುತ್ತಿದೆ. ಸಾಕು, ಜಪಾನನ್ನು ತೆಗೆದು ಆ ಕಾಗದ ಹಾಕುತ್ತೇನೆ, ಅಚ್ಚಿಗೆ ಪ್ಲೇಟ್ ಮಾಡುವುದು ಸಂಜೆ ನಾಲ್ಕಕ್ಕೆ, ಇನ್ನೂ ಒಂದು ಗಂಟೆಯಿದೆ, ಸರ್ವೆ ನಂಬರ್ ಒಂದು ಸಲ ಕೇಳಿಬಿಡೋಣ, ತಪ್ಪಾಗಬಾರದು — ಕೆಂಚಪ್ಪನವರೇ ಫೋನು ಎತ್ತಿದರು, ಗಾಳಿಯ ಸದ್ದು, ಯಾರವ್ವ, ಓ ಪತ್ರಿಕೆಯೋರಾ, ನಂಬರ್ ಯಾಕವ್ವ ಈಗ, ಸೋಮಾರನೇ ಬೇಲಿ ಹಾಕ್ಬುಟ್ರಲ್ಲ. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು, ನಗಾಡಿದರು. ನಮ್ಗೇನೋ ತಿಳೀತು, ಕುರಿಗೆ ಹೇಳೋರ್ಯಾರು, ದಿನಾ ಅಲ್ಲೇ ಬಂದು ತಂತಿಗೆ ಮೈ ಒತ್ಕೊಂಡು ನಿಂತ್ಕತವೆ, ಉಣ್ಣೆಯೆಲ್ಲ ತಂತೀಲೇ ಕಣವ್ವ. ಆ ಕಾಗದ ಹೋದ ತಿಂಗಳೇ ಅಚ್ಚಾಗಿ ಬಂದಿದ್ದರೆ, ಅವರ ಮಾತಿನಲ್ಲೇ ಬಂದಿದ್ದರೆ — ಈಗ ಜಪಾನನ್ನು ತೆಗೆಯಲೋ ಬಿಡಲೋ, ಮೂರನೇ ಪುಟದಲ್ಲಿ ಪ್ರಭಾವ ಅಂತ ಉಪಶೀರ್ಷಿಕೆ, ಕೆಳಗೆ ನನ್ನದೇ ವಾಕ್ಯ, ಒಂದು ಲೇಖನ ಒಬ್ಬ ಪ್ರಧಾನಿಯನ್ನು ಕೆಳಗಿಳಿಸಿತು, ತಂತಿಯಲ್ಲಿ ಉಣ್ಣೆ, ಮತ್ತೆ ಮೊದಲಿಂದ ಓದುತ್ತೇನೆ, ಒಂದು ಲೇಖನ ಒಬ್ಬ, ತಂತಿಯಲ್ಲಿ ಉಣ್ಣೆ, ಒಂದು ಲೇಖನ, ಮುಳ್ಳುತಂತಿಯಲ್ಲಿ ಒಂದು ಹಿಡಿ ಕಂದು ಉಣ್ಣೆ, ಗಾಳಿಗೆ ಅಲ್ಲಾಡುತ್ತ